ಒರಗುವ ಸೋಫಾದವರಿಗೆ, ನಮ್ಮ ವುಜೂ ವಿಷಯವಾಗಿ

ಮಾನ್ಯ ಸೋಫಾದವರೇ,

ಮೆತ್ತನೆ ಮೈಯ, ಅಗಲ ತೋಳಿನ ತಮಗೆ ಈ ಪ್ರೆಸ್ಸಿನ ಬೈಂಡರ್ ಮಾಡುವ ಅನಂತ ಸಲಾಮುಗಳು. ತಾವು ಕ್ಷೇಮವೆಂದು ಬಲ್ಲೆ. ಕ್ಷೇಮ ಕೆಟ್ಟಿರುವುದು ನಮ್ಮದು.

ನಮ್ಮ ನಮಾಜಿನ ಕೋಣೆಯ ಹೊರಗೆ ಮೊದಲು ಬೆನ್ನಿಲ್ಲದ ಮರದ ಬೆಂಚಿತ್ತು. ನಮಾಜಿಗೆ ಮುಂಚೆ ಕೈ ಮುಖ ಕಾಲು ತೊಳೆದು ಶುದ್ಧಿಯಾಗಿ, ಅಂದರೆ ವುಜೂ ಮಾಡಿ, ಅದರ ಮೇಲೆ ನೆಟ್ಟಗೆ ಕೂತು ತೂಕಡಿಸಿದರೂ ಚಿಂತೆಯಿರಲಿಲ್ಲ. ಒರಗದೆ ಕೂತವನ ಜೋಂಪಿಗೆ ವುಜೂ ಮುರಿಯದು, ಒರಗಿ ನಿದ್ದೆ ಹೋದರೆ ಮಾತ್ರ ಮತ್ತೆ ನಲ್ಲಿಯ ದಾರಿ ಹಿಡಿಯಬೇಕು ಎಂಬುದು ನಾವು ಕಲಿತ ನಿಯಮ. ಇದನ್ನರಿಯದ ಮಾಲೀಕರು, ಪಾಪ, ನಮ್ಮ ಬೆನ್ನಿನ ಮೇಲಿನ ಕರುಣೆಯಿಂದ ಬೆಂಚು ತೆಗೆಸಿ ತಮ್ಮನ್ನು ತಂದಿರಿಸಿದರು.

ಮೊನ್ನೆ, ದಿನವೂ ನಮಾಜು ಮಾಡಿಸುವ ಹಿರಿಯರು ರಜೆ ಹಾಕಿದ್ದರಿಂದ, ಮುಂದೆ ನಿಲ್ಲುವ ಗೌರವ ಮೊಟ್ಟಮೊದಲಿಗೆ ನನ್ನ ಪಾಲಿಗೆ ಬಂತು. ಇಲ್ಲೇ ಮಷಿನ್ ನಡೆಸುವ, ನನ್ನಲ್ಲಿ ತಪ್ಪು ಹುಡುಕುವುದನ್ನೇ ಇನ್ನೊಂದು ಕೆಲಸ ಮಾಡಿಕೊಂಡಿರುವ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಅದಕ್ಕೆ ಹುಬ್ಬೇರಿಸಿದ್ದರು. ಆದ್ದರಿಂದ ನಾನು ಗಾಳಿ ಹೊರಟೀತೆಂದು ಅರೆಹೊಟ್ಟೆ ಉಂಡು, ಬೆರಳು ಕೊಯ್ದು ರಕ್ತ ಹರಿದೀತೆಂದು ಕಾಗದದ ಅಂಚನ್ನೂ ಮುಟ್ಟದೆ, ಇವೆರಡರಿಂದಲೂ ಮುರಿಯುವ ವುಜೂವನ್ನು ಕಣ್ಣಿನ ರೆಪ್ಪೆಯಂತೆ ಕಾಯುತ್ತ ತಮ್ಮ ಮೇಲೆ ಕೂತೆ. ಬೆನ್ನು ತಾಗಿಸಿದ್ದಷ್ಟೇ ನೆನಪು.

ಅಜಾನಿನ ಕರೆಗೆ ತಮ್ಮ ಮೇಲಿದ್ದವರೆಲ್ಲ ದಡಬಡಿಸಿ ಎದ್ದು ಸಾಲು ಕಟ್ಟಿದರು. ನಾನು ನಿದ್ದೆ ಹೋದದ್ದನ್ನು ಯಾರೂ ನೋಡಿರಲಿಲ್ಲ. ಸುಮ್ಮನೆ ಶುರುಮಾಡಿದ್ದರೆ ಭಾವನ ಮುಂದೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅಷ್ಟು ಜನರ ನಮಾಜು ನನ್ನ ತಲೆಯ ಮೇಲೆ. ತಿರುಗಿ, "ನಂಗೆ ನಿದ್ದೆ ಹತ್ತಿಬಿಟ್ಟಿತ್ತು, ವುಜೂ ಹೋಯ್ತು, ಸ್ವಲ್ಪ ತಾಳಿ" ಎಂದು ಹೊರಟೆ.

ನಲ್ಲಿ ತಿರುಗಿಸುವಷ್ಟರಲ್ಲಿ ಭಾವ ಪಕ್ಕಕ್ಕೆ ಬಂದು ಕೂತು ಅಂಗಿಯ ತೋಳು ಮಡಚಿದರು. "ಸ್ವಲ್ಪ ಸರಿಯೋ. ನಾನೂ ಒರಗಿದ್ದೆ" ಎಂದರು. ಅವರ ಹಿಂದೆ ಇಡೀ ಸಾಲು ಬಂದು ನಿಂತಿತ್ತು.

ಭಾವನ ಬಾಯಿಂದ ಇಂಥ ಮಾತು ಹೊರಡಿಸಿದ ಕೀರ್ತಿ ತಮ್ಮದೇ. ನನಗಂತೂ ಹೇಳಲಾರದಷ್ಟು ಖುಷಿಯಾಯಿತು. ಆದರೂ ದಯಮಾಡಿ ಇನ್ನು ಮುಂದೆ ತಮ್ಮ ಬೆನ್ನನ್ನು ಮಾಲೀಕರ ಕೋಣೆಯಲ್ಲಿ ಬಿಚ್ಚಿಟ್ಟು ಬರಬೇಕು. ಆಗದಿದ್ದರೆ ನಮ್ಮ ರೆಪ್ಪೆ ಇಳಿದೊಡನೆ ಒಮ್ಮೆ ಗಟ್ಟಿಯಾಗಿ ಕೆಮ್ಮಬೇಕೆಂದು ಪ್ರಾರ್ಥನೆ.

ತೊಳೆದ ತೋಳನ್ನೇ ತೊಳೆಯುತ್ತಿರುವ,
ತಮ್ಮ ವಿಶ್ವಾಸಿ,
ಬೈಂಡರ್

ವಿ.ಸೂ.: ತಮ್ಮನ್ನು ಇಲ್ಲಿಂದ ಒಯ್ಯಿಸುವ ಅರ್ಜಿಗೆ ಭಾವನ ಸಹಿ ಕೇಳಿದೆ. ಅವರು ಸಹಿ ಹಾಕುವ ಬದಲು ಮಾಲೀಕರ ಬಳಿ ಹೋಗಿ ಇನ್ನೆರಡು ನಲ್ಲಿ ಕೇಳಿ ಬಂದಿದ್ದಾರೆ.