ಇಳಿಜಾರಿನ ಕರೆಂಟು

ಪುಣೆಯ ಧನಕವಡಿಯ ಆ ಎರಡನೇ ಮಹಡಿಯ ಮನೆಯಲ್ಲಿ ಮದುವೆಯಾದ ವರ್ಷದಿಂದಲೂ ಒಂದು ಒಪ್ಪಂದ ಜಾರಿಯಲ್ಲಿತ್ತು. ಕಿರಾಣಿ, ಕಾಯಿಪಲ್ಲೆ, ಗ್ಯಾಸು, ಲೈಟ್ ಬಿಲ್ಲು ರಾಧಾಬಾಯಿಯ ಪರ್ಸಿನಿಂದ. ಕಾರಿನ ಪೆಟ್ರೋಲು ಅವಳ ಗಂಡ ಮಾರ್ತಾಂಡರಾಯರ ಕಿಸೆಯಿಂದ. ಅಡಿಗೆಮನೆ ಆಕೆಯ ಸಂಸ್ಥಾನ, ಗಾಡಿ ಅವರ ಸಾಮ್ರಾಜ್ಯ. ಅನ್ಯಾಯ ಏನೆಂದರೆ, ಆಕೆಯ ಸಂಸ್ಥಾನಕ್ಕೆ ಅವರು ಯಾವಾಗ ಬೇಕಾದರೂ ನುಗ್ಗಿ ಡಬ್ಬಿಯ ಶೇಂಗಾ ಉಂಡಿ ಲೂಟಿ ಮಾಡಬಹುದಿತ್ತು. ಅವರ ಸಾಮ್ರಾಜ್ಯದ ಚಾವಿಯನ್ನು ಆಕೆ ಮುಟ್ಟುವಂತಿರಲಿಲ್ಲ.

ರಾಧಾಬಾಯಿಗೆ ಗಾಡಿ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಕ್ಲಾಸಿಗೆ ಹೋಗಿ ಕಲಿತು ಮೊದಲ ಸಲಕ್ಕೇ ಲೈಸೆನ್ಸ್ ತಂದವಳು ಆಕೆ. (ರಾಯರಿಗೆ ಸಿಕ್ಕಿದ್ದು ಮೂರನೇ ಸಲಕ್ಕೆ. ಈ ಮಾತನ್ನು ಆ ಮನೆಯಲ್ಲಿ ಆಡುವಂತಿಲ್ಲ.) ಆ ಲೈಸೆನ್ಸು ಇದುವರೆಗೆ ಉಪಯೋಗಕ್ಕೆ ಬಂದದ್ದು ರೈಲಿನಲ್ಲಿ ಟಿ.ಸಿ.ಗೆ ತೋರಿಸುವುದಕ್ಕೆ ಮಾತ್ರ. ಚಾವಿ ಕೇಳಿದಾಗೆಲ್ಲ ರಾಯರದು ಒಂದೇ ಉತ್ತರ: "ಬ್ಯಾಡ. ಕ್ಲಚ್ ಸುಡ್ತೀ."

ಹೀಗಿರುವಾಗ ಹಳೆಯ ಗಾಡಿ ಮುದಿಯಾಯಿತು. ಹೊಸದು ಎಲೆಕ್ಟ್ರಿಕ್ ಇರಲಿ ಎಂದು ಘೋಷಿಸಿದವರು ಸ್ವತಃ ರಾಯರೇ! ಹೊಸ ಟೂತ್‌ಬ್ರಶ್ಶಿಗೂ ತಿಂಗಳು ಯೋಚಿಸುವ ಮನುಷ್ಯ ಇಷ್ಟು ಬೇಗ ಹೇಗೆ ಒಪ್ಪಿದರೋ ರಾಧಾಬಾಯಿಗೆ ತಿಳಿಯಲಿಲ್ಲ. ಅಪಾರ್ಟ್‌ಮೆಂಟ್ ಸೊಸೈಟಿಯ ಜನ ಬಾಯ ಮೇಲೆ ಬೆರಳಿಟ್ಟರು. ಬೆರಳು ತೆಗೆದೊಡನೆ ಅಭಿಪ್ರಾಯಗಳು ದಬದಬ ಬಿದ್ದವು. ಬೇಸಿಗೆಯಲ್ಲಿ ಬೆಂಕಿ ಹತ್ತುತ್ತದೆ ಎಂದರು ಒಬ್ಬರು, ಮಳೆಗಾಲದಲ್ಲಿ ಶಾಕ್ ಹೊಡೆಯುತ್ತದೆ ಎಂದರು ಇನ್ನೊಬ್ಬರು. ಚಳಿಗಾಲವೊಂದು ಉಳಿದಿತ್ತು, ಮೂರನೆಯವರು ಅದನ್ನೂ ಬಿಡಲಿಲ್ಲ. ಸದ್ದೇ ಇಲ್ಲದ ಗಾಡಿ ಅಪಾಯ ಎಂದವರ ಮಾತಂತೂ ಪೂಜೆಯ ದಿನವೇ ನಿಜವಾಯಿತು. ಚಾಲೂ ಆಗಿದೆಯೋ ಇಲ್ಲವೋ ನೋಡೋಣವೆಂದು ರಾಯರು ಎಕ್ಸಲರೇಟರ್ ಒತ್ತಿದರು. ಮಂಗಳಾರತಿ ಮುಗಿಯುವ ಮೊದಲೇ ಗಾಲಿಯಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗಿ, ಭಟ್ಟರು ಆರತಿ ಸಮೇತ ತುಳಸಿಯ ಕುಂಡದಲ್ಲಿ ಕೂತಿದ್ದರು.

ರಾಧಾಬಾಯಿಗೆ ಮಾತ್ರ ಆಸೆ ಚಿಗುರಿತು. ಈ ಗಾಡಿಗೆ ಕ್ಲಚ್ಚೇ ಇಲ್ಲ!

"ಈಗ ಏನು ಸುಡ್ತೀನ್ರಿ?"

ರಾಯರು ತುಸು ಯೋಚಿಸಿ, "ಬ್ಯಾಟರಿ" ಎಂದರು.

ಅವರ ಡ್ರೈವಿಂಗ್ ಒಂದು ತಪಸ್ಸು. ಎ.ಸಿ. ಎಂಬುದು ಗಾಡಿ ಮಾರುವಾಗ ತೋರಿಸಲು ಇರುವ ವಸ್ತು. ಇಳಿಜಾರು ಕಂಡಿತೋ, ಗೇರು ನ್ಯೂಟ್ರಲಿಗೆ. "ಪುಣೆದಿಂದ ಧಾರವಾಡದ ತನಕ ಎಷ್ಟು ಇಳಕಲವ, ಎಲ್ಲಾ ಪುಕ್ಕಟ ಇಳದೀನಿ" ಎಂಬುದು ಅವರ ಜೀವಮಾನದ ಸಾಧನೆ. ರಾಧಾಬಾಯಿ ಇದಕ್ಕೆ ಇಟ್ಟ ಹೆಸರು 'ಜುಗ್ಗತನದ ಜಾರುಬಂಡಿ'.

ಅಷ್ಟರಲ್ಲಿ ಘಾಟಿನ ಆಚೆಯ ಸಾಸವಡದಿಂದ ಕರೆ ಬಂತು. ರಾಯರ ತಂಗಿ ಇಂದೂಳ ಗುರುವಾರದ ವ್ರತದ ಉದ್ಯಾಪನೆ, ಊಟಕ್ಕೆ ಬರಲೇಬೇಕು. ಆ ಗುರುವಾರ ಬೆಳಿಗ್ಗೆ ಎದ್ದು, ಅಡಿಗೆಮನೆಯ ಕಿಟಕಿಯಿಂದ ಪಾರ್ಕಿಂಗಿಗೆ ಇಳಿಬಿಟ್ಟ ವಾಯರಿನಿಂದ ಗಾಡಿಗೆ ಚಾರ್ಜ್ ಹಚ್ಚಿದ ಸ್ವಲ್ಪ ಹೊತ್ತಿಗೇ ಫ್ಯಾನು ನಿಂತಿತು. ಲೈಟು ಹೋಗಿತ್ತು. ಈ ಕಡೆ ಗುರುವಾರ ಎಂದರೆ ದತ್ತನ ವಾರ ಎಷ್ಟು ಖರೆಯೋ, ರಿಪೇರಿಗೆಂದು ಲೈಟು ಹೋಗುವ ವಾರ ಎಂಬುದೂ ಅಷ್ಟೇ ಖರೆ. ಅದಕ್ಕೇ ಬುಧವಾರವೇ ಚಟ್ನಿ ರುಬ್ಬಿಟ್ಟಿದ್ದ ಆ ಜಾಣ ಗಂಡಹೆಂಡತಿಗೆ, ಗಾಡಿಯೂ ಈಗ ಮಿಕ್ಸಿಯ ಜಾತಿಗೇ ಸೇರಿದೆ ಎಂಬುದು ಹೊಳೆದೇ ಇರಲಿಲ್ಲ.

"ಸಾಸವಡದಾಗ ಹಚ್ಚೋಣ ತಗೋ" ಎಂದರು ರಾಯರು. ಬೋಪದೇವ ಘಾಟ್ ಹತ್ತುವಾಗ ಗಾಜು ಮುಚ್ಚಿ, ಎ.ಸಿ. ಬಂದ್ ಮಾಡಿ, ಇಬ್ಬರೂ ಇಡ್ಲಿಯ ಹಾಗೆ ಬೆಂದರು. (ಗಾಜು ತೆರೆದರೆ ಗಾಳಿ ಗಾಡಿಯನ್ನು ಹಿಂದಕ್ಕೆ ದೂಡುತ್ತದೆ ಎಂಬುದು ರಾಯರ ಭೌತಶಾಸ್ತ್ರ.)

ಇಂದೂಳ ಗಂಡ ವಾಮನರಾವ್ ಬಾಗಿಲಲ್ಲೇ ಕಾದಿದ್ದರು. ಅವರದು ಡೀಸೆಲ್ ಜೀಪು. ಅದು ಚಾಲೂ ಆದರೆ ಮೂರು ಓಣಿಯ ನಾಯಿಗಳಿಗೆ ತಿಳಿಯುತ್ತದೆ.

"ಏನ್ರಿ ರಾಯರ, ಕಳ್ಳ ಬಂದಂಗ ಬಂದ್ರಿ! ಒಂದೀಟು ಸಪ್ಪಳರ ಮಾಡಬಾರದ?"

"ಸಪ್ಪಳ ಇರ್ಲಿ. ಪ್ಲಗ್ ಎಲ್ಲದ?"

"ಪ್ಲಗ್ ಬೇಕಾದಷ್ಟವ. ಲೈಟೆಲ್ಲದ? ಗುರುವಾರ ಅಲ್ಲೇನ್ರಿ ಇವತ್ತು?"

ಹೋಳಿಗೆ ಊಟ ಮುಗಿದರೂ ಲೈಟು ಬರಲಿಲ್ಲ. ಗಾಡಿಯ ಪರದೆಯ ಮೇಲೆ ಹತ್ತೊಂಬತ್ತು ಪರ್ಸೆಂಟ್ ಎಂದು ಹಳದಿ ಅಕ್ಷರ. ವಾಮನರಾವ್ ಮೂಲೆಯಿಂದ ಉದ್ದನೆಯ ಹೊಸ ಹಗ್ಗವೊಂದನ್ನು ತಂದು ಜೀಪಿನಲ್ಲಿ ಹಾಕಿದರು. "ನಾ ಹಿಂದ ಬರ್ತೀನಿ. ನಿಂತಲ್ಲಿ ಕಟ್ಟಿ ಎಳದರಾತು."

"ಏನೂ ಬೇಕಾಗಿಲ್ಲ," ರಾಯರು ಎದೆ ಉಬ್ಬಿಸಿದರು. "ಘಾಟ್ ಇಡೀ ನ್ಯೂಟ್ರಲ್ ಮ್ಯಾಲೆ ಇಳಸ್ತೀನಿ. ಒಂದ ಪರ್ಸೆಂಟ್ ಖರ್ಚಾಗಲಿಕ್ಕಿಲ್ಲ!"

"ಗೇರಿನ್ಯಾಗ ಇಟ್ಟು, ಎಕ್ಸಲರೇಟರ್ ಮ್ಯಾಲಿನ ಕಾಲು ತಗದು ಇಳಸಿದ್ರ ಚಾರ್ಜ್ ತಿರುಗಿ ಬರ್ತದ," ಎಂದಳು ರಾಧಾಬಾಯಿ ಮೆಲ್ಲಗೆ. ಶೋರೂಮಿನ ಹುಡುಗಿ ಇದನ್ನೆಲ್ಲ ಬಿಡಿಸಿ ಹೇಳಿದ್ದಳು. ಆಗ ರಾಯರು ಪಕ್ಕದ ಟೇಬಲ್ಲಿನಲ್ಲಿ ಪುಕ್ಕಟೆ ಮ್ಯಾಟಿಗಾಗಿ ಜಗಳದಲ್ಲಿದ್ದರು.

ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಳಕಲದಾಗ ಕರೆಂಟ್ ಹುಟ್ಟತದಂತ! ಹಂಗಾದ್ರ ನೀ ಮೆಟ್ಟಲಾ ಇಳದ್ರ ಊಟ ಮಾಡಿಧಂಗ ಹೊಟ್ಟಿ ತುಂಬಬೇಕಲಾ?"

ವಾಮನರಾವ್ ಜೋರಾಗಿ ನಕ್ಕರು. ಇಂದೂ ಸಹ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಸೆರಗೇ ರಾಧಾಬಾಯಿಯನ್ನು ಕೆರಳಿಸಿತು.

"ಅರ್ಧಾ ಘಾಟ್ ನೀವು, ಅರ್ಧಾ ನಾನು. ನನ್ನ ಅರ್ಧದಾಗ ಅಂಕಿ ಒಂದರೆ ಏರಿದ್ರ ಚಾವಿ ನಂದು, ಕಾಯಂ. ಏರಲಿಲ್ಲಂದ್ರ ಈ ಜನ್ಮದಾಗ ಚಾವಿ ಕೇಳೂದಿಲ್ಲ."

"ವೈನಿ, ವಿಚಾರ ಮಾಡ್ರಿ" ಎಂದಳು ಇಂದೂ.

"ಮಾಡೇ ಹೇಳೀನಿ."

"ಆತು!" ಎಂದರು ರಾಯರು. ಪುಕ್ಕಟೆ ಸಿಗುವ ಗೆಲುವನ್ನು ಬಿಡುವ ವಂಶ ಅವರದಲ್ಲ.

ಘಾಟಿನ ತಲೆಯಲ್ಲಿ ಅಂಕಿ ಹನ್ನೆರಡಕ್ಕೆ ಬಂದಿತ್ತು. ರಾಯರು ಶಾಸ್ತ್ರೋಕ್ತವಾಗಿ ನ್ಯೂಟ್ರಲಿಗೆ ಹಾಕಿದರು. ಗಾಡಿ ಜಾರಿತು. ಪ್ರತಿ ತಿರುವಿನಲ್ಲೂ ಅವರು ಬ್ರೇಕಿನ ಮೇಲೆ ಎದ್ದು ನಿಂತರು, ರಾಧಾಬಾಯಿ ಕುಲದೇವರನ್ನು ಕರೆದಳು. ಅಂಕಿ ಹನ್ನೆರಡೇ. "ನೋಡಿದ್ಯಾ? ಖರ್ಚಿಲ್ಲ!" ಎಂದರು ರಾಯರು.

ನಡುವಿನ ಅಗಲವಾದ ಜಾಗದಲ್ಲಿ ಸೀಟು ಬದಲಾಯಿತು. ಹಿಂದೆ ಜೀಪು ನಿಲ್ಲಿಸಿ ವಾಮನರಾವ್ ಕತ್ತು ಹೊರಹಾಕಿದರು. ರಾಧಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ತೆಗೆದು, ಸ್ಟೀರಿಂಗಿಗೆ ಒಂದು ನಮಸ್ಕಾರ ಹಾಕಿದಳು. ಗಾಡಿ ಹೊರಟಿತು. ಕಾಲು ತೆಗೆದಳು. ಯಾರೋ ಹಿಂದಿನಿಂದ ಸೆರಗು ಹಿಡಿದಂತೆ ಗಾಡಿ ತಾನೇ ನಿಧಾನವಾಯಿತು.

"ಗಾಡಿ ಜಗ್ಗಲಿಕ್ಕತ್ತದ! ಕೆಡಸಿದಿ!"

"ಬಾಯಿ ಮುಚ್ಚಿ ಅಂಕಿ ನೋಡ್ರಿ."

ಒಂದು ತಿರುವು ಹೋಯಿತು. ಹನ್ನೆರಡು. ಇನ್ನೊಂದು. ಹನ್ನೆರಡು. ಕೆಳಗೆ ಪುಣೆಯ ಅಂಚಿನ ಕೊಂಢವಾ ಬಡಾವಣೆಯ ಕಟ್ಟಡಗಳು ಕಾಣತೊಡಗಿದವು. ಲೈಸೆನ್ಸು ಇನ್ನು ಟಿ.ಸಿ.ಗೇ ಮೀಸಲು ಎಂದುಕೊಂಡಳು ರಾಧಾಬಾಯಿ. ಕೊನೆಯ ತಿರುವು. ರಾಯರು ಆಗಲೇ ಸಮಾಧಾನ ಹೇಳುವ ಧಾಟಿಯಲ್ಲಿ ಗಂಟಲು ಸರಿಮಾಡಿಕೊಂಡರು. "ಇರ್ಲಿ ರಾಧಾ, ಎಲ್ಲಾರಿಗೂ ಎಲ್ಲಾ..."

ಹದಿಮೂರು.

ರಾಧಾಬಾಯಿ ಹಾರ್ನ್ ಒತ್ತಿಬಿಟ್ಟಳು. ಸದ್ದಿಲ್ಲದ ಗಾಡಿ ಮೊದಲ ಸಲ ಘಾಟಿಗೆಲ್ಲ ಕೇಳುವಂತೆ ಕೂಗಿತು. ರಾಯರು ಪರದೆಯನ್ನು ಬೆರಳಿನಿಂದ ತಟ್ಟಿದರು, ಕರವಸ್ತ್ರದಿಂದ ಒರೆಸಿದರು, ಕನ್ನಡಕ ತೆಗೆದು ಹಾಕಿದರು. ಹದಿಮೂರು ಹದಿಮೂರೇ.

ಘಾಟಿನ ಬುಡದಲ್ಲಿ ಜೀಪು ಬಂದು ನಿಂತಿತು. ವಾಮನರಾವ್ ಇಳಿಯುವ ಮೊದಲೇ ರಾಧಾಬಾಯಿ ಕೈ ಚಾಚಿದಳು. "ಆ ಹಗ್ಗ ಇತ್ತಾಗ ಕೊಡ್ರಿ. ಹ್ಯಾಂಗೂ ಬಟ್ಟಿ ಒಣಗಸಲಿಕ್ಕೆ ಒಂದು ಬೇಕಾಗಿತ್ತು."

ಮರುದಿನ ಆಕೆ ಪಾರ್ಕಿಂಗಿಗೆ ಇಳಿದದ್ದು ಮೆರವಣಿಗೆಯ ಹಾಗೆ, ಬೆರಳಲ್ಲಿ ಚಾವಿ ಗಿರಗಿರ ತಿರುಗಿಸುತ್ತ. ನೋಡಿದರೆ ಹಿಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ರಾಯರು, ಕೈಯಲ್ಲಿ ಪೇಪರು.

"ಮಂಡಯಿ ಬಾಜಾರದ ಕಡೆ ನಡಿ. ಹಂಗ ಎ.ಸಿ. ಜೋರ್ ಇಡು."

"ನೀವು? ಎ.ಸಿ.?"

"ಪೆಟ್ರೋಲ್ ನನ್ನ ಕಿಸೆದ್ದಿತ್ತು. ಲೈಟ್ ಬಿಲ್ಲು," ರಾಯರು ಪೇಪರಿನ ಪುಟ ತಿರುವಿದರು, "ಯಾರ ಪರ್ಸಿಂದು?"

ರಾಧಾಬಾಯಿಯ ಬೆರಳಲ್ಲಿ ಚಾವಿ ತಿರುಗುವುದು ನಿಂತಿತು. ಟೂತ್‌ಬ್ರಶ್ಶಿಗೆ ತಿಂಗಳು ಯೋಚಿಸುವವರು ಗಾಡಿಗೆ ಯಾಕೆ ಯೋಚಿಸಲಿಲ್ಲ ಎಂಬುದು ಆಗ ತಲೆಗೆ ಹೊಕ್ಕಿತು.

ಆದರೂ ಗಾಡಿ ಹೊರಟಿತು. ಗೆದ್ದ ಸ್ಟೀರಿಂಗು ಗೆದ್ದದ್ದೇ. ಸೊಸೈಟಿಯ ಗೇಟು ದಾಟಿದೊಡನೆ ಎ.ಸಿ. ನಿಂತಿತು.

"ಯಾಕ ಬಂದಾತು?"

"ಗಾಜು ಇಳಸ್ರಿ. ಗಾಳಿ ಪುಕ್ಕಟ ಅದ."

"ಹಿಂಗ್ಯಾಕ ಹೊಂಟಿ? ಇದು ಸುತ್ತು ಹಾದಿ."

"ಸುತ್ತು ಖರೆ. ಆದ್ರ ಈ ಕಡೆ ಫ್ಲೈಓವರಿಗೆ ಇಳಕಲ ಛಲೋ ಅದ."

ಹಿಂದಿನ ಸೀಟಿನಲ್ಲಿ ಬೆವರು ಒರೆಸಿಕೊಳ್ಳುತ್ತ ಯಾರೋ 'ಜುಗ್ಗತನದ ಜಾರುಬಂಡಿ' ಎಂದರು. ರಾಧಾಬಾಯಿಗೆ ಕೇಳಿಸಲಿಲ್ಲ. ಆಕೆ ಕಾಲು ತೆಗೆದು, ಉಸಿರು ಹಿಡಿದು, ಅಂಕಿಯನ್ನೇ ದಿಟ್ಟಿಸುತ್ತಿದ್ದಳು. ಇನ್ನೇನು ಏರೀತು.