ನಾನೊಬ್ಬಳೇ ಸರ್

ಹೊಗಳಿಕೆಗೆ ಮರುಳಾಗದವರು ಈ ಲೋಕದಲ್ಲಿ ಇದ್ದಾರೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಅವರ ನೌಕರಿ ಇನ್ನೂ ಉಳಿದಿರುತ್ತದೆ ಎಂಬುದು ಮಾತ್ರ ಗೊತ್ತು. ಕೆಲವರು ಸೀರೆ ಚೆಂದ ಎಂದರೆ ಕರಗುತ್ತಾರೆ, ಕೆಲವರು ಅಡುಗೆ ಚೆಂದ ಎಂದರೆ. ನನಗೆ ಅಷ್ಟೆಲ್ಲ ಬೇಕಾಗಿಲ್ಲ. ‘ಸುಮನ್ ಸಿಸ್ಟರ್, ನಿಮ್ಮ ಅಕ್ಷರ ಎಷ್ಟು ಚೆಂದ!’ ಎಂದುಬಿಟ್ಟರೆ ಸಾಕು, ಏನು ಬರೆಯಬೇಕು ಎಂದು ಕೇಳುವ ಮೊದಲೇ ಪೆನ್ನಿಗಾಗಿ ಜೇಬು ತಡಕುತ್ತೇನೆ. ಕಾಂದಿವಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ದುಡಿದು, ಐವತ್ತೊಂದನೆಯ ವಯಸ್ಸಿನಲ್ಲಿ ಆ ಕೆಲಸ ಕಳೆದುಕೊಂಡು, ಈಗ ದಹಿಸರದ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಕುಳಿತು ಬೆಳಗಿನ ಹನ್ನೊಂದು ಗಂಟೆ ಮನೆಯಲ್ಲಿ ಹೇಗಿರುತ್ತದೆ ಎಂದು ನೋಡುತ್ತಿರುವವಳು ನಾನು. ಅನುಭವದ ಮಾತು ಹೇಳುತ್ತಿದ್ದೇನೆ.

ನನ್ನ ಹೆಸರು ಸುಮಂಗಲಾ. ಧಾರವಾಡದಿಂದ ತಂದ ಆ ಹೆಸರನ್ನು ಮುಂಬಯಿ ಮೊದಲ ದಿನವೇ ಸುಮನ್ ಎಂದು ಕತ್ತರಿಸಿ ಕೊಟ್ಟಿತು. ಎರಡನೆಯ ಮಹಡಿಯ ಜನರಲ್ ವಾರ್ಡು ನಮ್ಮದು. ಇಪ್ಪತ್ತು ಹಾಸಿಗೆ, ಏಳು ಮಂದಿ ಸಿಸ್ಟರುಗಳು. ಯಾರು ಯಾವ ದಿನ ಬೆಳಗಿನ ಪಾಳಿ, ಯಾರು ಸಂಜೆ, ಯಾರು ರಾತ್ರಿ ಎಂದು ಪ್ರತಿ ವಾರ ಒಂದು ರೋಸ್ಟರು ಬರೆದು ಗೋಡೆಗೆ ಅಂಟಿಸಬೇಕು. ಅದು ಮೇಟ್ರನ್ ಮೇಡಮ್ಮಿನ ಕೆಲಸ. ಆದರೆ ಏಳು ಮಂದಿಯ ಶಾಪವನ್ನು ಸ್ವಂತ ಕೈಯಿಂದ ಬರೆದುಕೊಳ್ಳುವಷ್ಟು ದಡ್ಡರಲ್ಲ ಅವರು. ನಾನು ಸೇರಿದ ಎರಡನೆಯ ತಿಂಗಳೇ, ನಾನು ಬರೆದ ರೋಗಿಗಳ ಕೇಸ್‌ಪೇಪರ್ ನೋಡಿ, ಅಕ್ಷರ ಹೊಗಳಿ, ಒಂದು ಸ್ಕೇಲು ಒಂದು ಪೆನ್ಸಿಲ್ಲು ಕೈಗಿಟ್ಟರು. ಏಳು ದಿನ, ಮೂರು ಪಾಳಿ, ಇಪ್ಪತ್ತೊಂದು ಮನೆ. ಒಂದೊಂದು ಮನೆಗೂ ಇಬ್ಬರು. ಮೊದಲು ಪೆನ್ಸಿಲ್ಲಿನಲ್ಲಿ ಬರೆಯುವುದು, ಎಲ್ಲರೂ ನೋಡಿ, ಅತ್ತು, ಜಗಳವಾಡಿ ಮುಗಿದ ಮೇಲೆ ಪೆನ್ನಿನಲ್ಲಿ ತಿದ್ದುವುದು. ಕೆಳಗೆ ಮೇಡಮ್ಮಿನ ಸಹಿ. ಶಾಪ ನನಗೆ, ಸಹಿ ಅವರಿಗೆ.

ಎಲ್ಲರನ್ನೂ ಹೊಂದಿಸಿದ ಮೇಲೂ ಒಂದು ಮನೆ ಖಾಲಿ ಉಳಿಯುತ್ತದೆ. ಅದು ರೋಸ್ಟರಿನ ಸ್ವಭಾವ. ಒಬ್ಬಳಿಗೆ ನಾದಿನಿಯ ಸೀಮಂತ, ಒಬ್ಬಳಿಗೆ ಮಗನ ಪರೀಕ್ಷೆ. ಆ ಖಾಲಿ ಮನೆಯಲ್ಲಿ ನಾನು ಸುಮ್ಮನೆ ‘ಸು’ ಎಂದು ಬರೆದುಬಿಡುತ್ತಿದ್ದೆ. ಅದೇನು ದೊಡ್ಡ ತ್ಯಾಗವಲ್ಲ, ಚಿಕ್ಕಂದಿನ ಚಟ. ಐದು ಮಕ್ಕಳಲ್ಲಿ ನಾನು ಹಿರಿಯಳು. ಹೋಳಿಗೆ ಹಂಚುವ ಕೆಲಸ ಅವ್ವ ನನಗೇ ಕೊಡುತ್ತಿದ್ದಳು. ‘ನಮ್ಮ ಸುಮಿ ಭಾಳ ಶ್ಯಾಣೇಕಿ, ಭೇದ ಮಾಡೂದಿಲ್ಲ’ ಎಂದು ಬಂದವರ ಮುಂದೆ ಹೇಳುತ್ತಿದ್ದಳು. ಭೇದ ಮಾಡದೆ ಹಂಚಿ ಹಂಚಿ ಕೊನೆಗೆ ನನ್ನ ಪಾಲಿಗೆ ಅಂಚು ಹರಿದ ಹೋಳಿಗೆ ಬರುತ್ತಿತ್ತು. ಅವ್ವನ ಮಾತು ಅದಕ್ಕಿಂತ ಸಿಹಿಯಾಗಿತ್ತು ಎಂದು ಕಾಣುತ್ತದೆ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಹೊಸ ಮ್ಯಾನೇಜರ್ ಬಂದರು. ಅಲ್ಲಿಂದ ವಾರ್ಡಿನಲ್ಲಿ ರಾಜಕೀಯ ಶುರುವಾಯಿತು. ಮೇಟ್ರನ್ ಕಡೆಯವರು ಒಂದು ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದರು, ಮ್ಯಾನೇಜರ್ ಕಡೆಯವರು ಇನ್ನೊಂದರಲ್ಲಿ. ಒಂದು ಕಡೆ ಮಾತು ಜೋರಾಗಿದ್ದರೆ ಇನ್ನೊಂದು ಕಡೆ ಚಮಚದ ಸದ್ದೂ ಇರುತ್ತಿರಲಿಲ್ಲ, ಅಷ್ಟು ಕಿವಿಗೊಟ್ಟು ಕೇಳುತ್ತಿದ್ದರು. ನಾನು ಯಾವ ಪಕ್ಷವೂ ಅಲ್ಲ ಎಂಬ ಹೆಮ್ಮೆ ನನಗೆ. ಸೋಮವಾರ ಇಲ್ಲಿ ಕುಳಿತರೆ ಮಂಗಳವಾರ ಅಲ್ಲಿ. ಎರಡೂ ಮೇಜಿಗೆ ನನ್ನ ಶೇಂಗಾ ಚಟ್ನಿ ಹೋಗುತ್ತಿತ್ತು. ಇಷ್ಟು ನಿಷ್ಪಕ್ಷಪಾತವಾದ ಚಟ್ನಿ ಪಶ್ಚಿಮ ರೈಲ್ವೆಯ ಈ ಬದಿಗೆ ಇನ್ನೊಂದಿರಲಿಲ್ಲ. ನಾನು ಕುಳಿತ ಕೂಡಲೇ ಎರಡೂ ಮೇಜಿನಲ್ಲಿ ಮಾತು ಮಳೆ, ಲೋಕಲ್ಲು, ತರಕಾರಿಯ ಕಡೆ ಹೊರಳುತ್ತಿದ್ದುದನ್ನು ಗಮನಿಸಿದ್ದೆ. ಪಾಪ, ನನಗೆ ಬೇಸರವಾಗಬಾರದೆಂದು ಜಗಳದ ಮಾತು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ!

ಹೀಗಿರುವಾಗ ಗಣಪತಿ ಬಂದ. ಮುಂಬಯಿಯಲ್ಲಿ ಗಣಪತಿಯ ವಾರದ ರೋಸ್ಟರು ಬರೆಯುವುದೆಂದರೆ ಎರಡು ದೇಶಗಳ ಗಡಿ ಗುರುತಿಸಿದಂತೆ. ಏಳರಲ್ಲಿ ನಾಲ್ವರು ಕೊಂಕಣದವರು. ಅವರಿಗೆ ದೀಪಾವಳಿ ತಪ್ಪಿದರೂ ನಡೆದೀತು, ಗಣಪತಿಗೆ ಊರು ತಪ್ಪಬಾರದು. ನಾನು ಲೆಕ್ಕ ಹಾಕಿ ಇಬ್ಬರಿಗೆ ರಜೆ ಕೊಟ್ಟು, ಎಲ್ಲರಿಗಿಂತ ಕಿರಿಯಳಾದ ಪ್ರತಿಭಾಳನ್ನು ಚೌತಿಯ ಸಂಜೆಗೆ ಹಾಕಿದೆ. ಅವಳು ಲಿನನ್ ಕೋಣೆಯಲ್ಲಿ ನಿಂತು ಮೊಬೈಲಿನಲ್ಲಿ ರೈಲಿನ ಟಿಕೇಟು ತೋರಿಸಿ ಅತ್ತಳು. ‘ಸಿಸ್ಟರ್, ತುಮ್ಹೀಚ್ ಕಾಹೀತರೀ ಕರಾ’ ಎಂದಳು, ನೀವೇ ಏನಾದರೂ ಮಾಡಿ ಎಂದು. ‘ನೀವೇ’ ಎಂದ ಮೇಲೆ ಮುಗಿಯಿತು. ರಬ್ಬರು ತೆಗೆದು ಅಳಿಸಿದೆ. ಅದನ್ನು ನೋಡಿ ಇನ್ನೊಬ್ಬಳು ಬಂದಳು, ಅವಳದನ್ನೂ ಅಳಿಸಿದೆ. ರಾತ್ರಿ ಪಾಳಿಯವಳು ಸಂಜೆಗೆ ಬರುವಂತಿರಲಿಲ್ಲ. ಉಳಿದ ಒಬ್ಬಳಿಗೆ ಚೌತಿಯ ಮುಂಜಾನೆಯೇ ಜ್ವರ ಬಂತು. ಪ್ರತಿ ಹಬ್ಬಕ್ಕೂ ತಪ್ಪದೆ ಬರುವ ಜ್ವರ ಅದು, ಯಾವ ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ.

ಹಾಗಾಗಿ ಚೌತಿಯ ದಿನ ಬೆಳಗಿನ ಪಾಳಿಗೂ ಸಂಜೆಯ ಪಾಳಿಗೂ ಇದ್ದವರು ಇಬ್ಬರೇ. ನಾನು, ಮತ್ತೆ ನಮ್ಮ ಆಯಾ ಕಮಲ್ ಮಾವಶಿ. ಒಂದು ನಿಜ ಹೇಳಬೇಕು, ಅವತ್ತು ರೋಗಿಗಳೂ ಕಡಿಮೆ. ಹಬ್ಬಕ್ಕೆ ಮನೆಗೆ ಹೋಗಬೇಕೆಂದು ಹಿಂದಿನ ದಿನವೇ ಜನ ಡಾಕ್ಟರರ ಕೈಕಾಲು ಹಿಡಿದು ಡಿಸ್ಚಾರ್ಜ್ ಮಾಡಿಸಿಕೊಂಡಿದ್ದರು. ಇಪ್ಪತ್ತು ಹಾಸಿಗೆಯಲ್ಲಿ ಆರು ತುಂಬಿದ್ದವು. ಆರು ಮಂದಿಗೆ ಸಲೈನು, ಇಂಜೆಕ್ಷನ್, ಬಿ.ಪಿ. ಎಲ್ಲ ಮುಗಿಸಿ, ಖಾಲಿ ಹಾಸಿಗೆಗಳಿಗೆ ಬಿಳಿ ಚಾದರ ಬಿಗಿಯಾಗಿ ಎಳೆದು, ಕಿಟಕಿಯ ಪಕ್ಕದ ಅಜ್ಜನಿಗೆ ಬೀದಿಯಲ್ಲಿ ಹೋಗುವ ಗಣಪತಿ ಕಾಣಲೆಂದು ದಿಂಬು ಎತ್ತರಿಸಿ, ನಾನೂ ಮಾವಶಿಯೂ ಚಹಾ ಕುಡಿಯುತ್ತಿದ್ದೆವು. ಸಂಜೆ ಐದರ ಹೊತ್ತಿಗೆ ಮ್ಯಾನೇಜರ್ ಸಾಹೇಬರು ಮೋದಕದ ಡಬ್ಬಿ ಹಿಡಿದು ರೌಂಡಿಗೆ ಬಂದರು. ವಾರ್ಡಿನ ತುದಿಯಿಂದ ತುದಿಗೆ ನೋಡಿದರು. ಎಲ್ಲ ಲಕಲಕ. ಡ್ಯೂಟಿಯಲ್ಲಿ ಯಾರ್ಯಾರು ಎಂದು ಕೇಳಿದರು.

ಇಲ್ಲಿ ನಾನು ಎಷ್ಟೋ ಉತ್ತರ ಕೊಡಬಹುದಿತ್ತು. ಇನ್ನೊಬ್ಬಳು ಊಟಕ್ಕೆ ಹೋಗಿದ್ದಾಳೆ ಎನ್ನಬಹುದಿತ್ತು. ಇವತ್ತು ಆರೇ ಜನ ಪೇಷಂಟು ಎನ್ನಬಹುದಿತ್ತು. ಅದು ಬಿಟ್ಟು, ಎದ್ದು ನಿಂತು, ಟೋಪಿ ಹಾಕುವ ಕಾಲ ಹೋದರೂ ತಲೆಯ ಮೇಲೆ ಟೋಪಿ ಇದ್ದವಳಂತೆ ಕತ್ತು ನೆಟ್ಟಗೆ ಮಾಡಿ, ‘ನಾನೊಬ್ಬಳೇ ಸರ್’ ಎಂದೆ. ‘ಬೆಳಗಿನಿಂದ?’ ‘ಬೆಳಗಿನಿಂದ ಸರ್.’ ‘ವೆರಿ ಗುಡ್’ ಎಂದರು. ಮೊಬೈಲು ತೆಗೆದು ಏನೋ ಬರೆದುಕೊಂಡರು. ನನ್ನ ಕೈಗೆ ಮೋದಕ ಕೊಡುತ್ತಿರುವ ಫೋಟೋ ತೆಗೆಸಿ ಸ್ಟಾಫಿನ ಗ್ರೂಪಿಗೆ ಹಾಕಿದರು. ಅವರು ಹೋದ ಮೇಲೆ ಮಾವಶಿ ಕಪ್ಪು ಕೆಳಗಿಟ್ಟು, ‘ಸುಮನ್ ತಾಈ, ಇಷ್ಟು ಹೇಳಬಾರದಿತ್ತು’ ಎಂದಳು. ನಾಲ್ಕನೆಯ ಇಯತ್ತೆ ಓದಿದವಳು ಅವಳು. ನಾನು ಮೂರು ವರ್ಷದ ನರ್ಸಿಂಗ್ ಕೋರ್ಸು ಮಾಡಿದವಳು. ಎರಡು ಮೋದಕ ತಿಂದೆ.

ಹಬ್ಬ ಮುಗಿದು ಎರಡು ವಾರಕ್ಕೆ ಮೀಟಿಂಗು. ಒಬ್ಬ ಸಿಸ್ಟರು ಎರಡು ಪಾಳಿ ನಡೆಸಬಹುದಾದ ವಾರ್ಡಿಗೆ ಏಳು ಮಂದಿ ಯಾಕೆ ಎಂದು ಮ್ಯಾನೇಜರ್ ಕೇಳಿದರಂತೆ. ನಾಲ್ಕು ಸಾಕು, ಮೂರು ಹೆಸರು ಕೊಡಿ ಎಂದು ಮೇಟ್ರನ್ನರಿಗೆ ಹೇಳಿದರಂತೆ. ಅವರಲ್ಲಿ ಒಬ್ಬಳಿಗೆ ಮೊದಲೇ ದುಬೈಯಲ್ಲಿ ಕೆಲಸ ಗಟ್ಟಿಯಾಗಿತ್ತು. ಇನ್ನೊಬ್ಬಳನ್ನು ಆಪರೇಷನ್ ಥಿಯೇಟರಿಗೆ ಹಾಕಿದರು. ಮೂರನೆಯವಳ ವಿಷಯದಲ್ಲಿ ಒಂದು ಪವಾಡ ನಡೆಯಿತು. ಮೋದಕದ ಫೋಟೋ ನೋಡಿದಂದಿನಿಂದ ಮೇಟ್ರನ್ ನನ್ನನ್ನು ಮ್ಯಾನೇಜರ್ ಕಡೆಯವಳು ಎಂದುಕೊಂಡಿದ್ದರು. ಮೇಟ್ರನ್ನಿನ ರೋಸ್ಟರು ಬರೆಯುವವಳು ಮೇಟ್ರನ್ನಿನ ಕಡೆಯವಳೇ ಎಂದು ಮ್ಯಾನೇಜರ್ ಮೊದಲಿನಿಂದಲೂ ಎಂದುಕೊಂಡಿದ್ದರು. ಎರಡು ವರ್ಷದಲ್ಲಿ ಅವರಿಬ್ಬರೂ ಚಕಾರವೆತ್ತದೆ ಒಪ್ಪಿಕೊಂಡ ಒಂದೇ ಸಂಗತಿ ನನ್ನ ಹೆಸರು. ಇದನ್ನೆಲ್ಲ ನನಗೆ ಹೇಳಿದವಳು ಆ ದಿನ ಮೀಟಿಂಗಿಗೆ ಚಹಾ ಒಯ್ದಿದ್ದ ಕಮಲ್ ಮಾವಶಿ.

ಬೀಳ್ಕೊಡುಗೆಗೆ ಕೇಕು ತಂದಿದ್ದರು. ಎರಡೂ ಮೇಜು ಜೋಡಿಸಿದ್ದರು. ಆ ಮೇಜುಗಳು ಒಂದಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ‘ಸುಮನ್ ಸಿಸ್ಟರ್ ಇಲ್ಲದೆ ನಮ್ಮ ವಾರ್ಡು ಹೇಗೆ ನಡೆಯುತ್ತದೋ’ ಎಂದು ಮೇಟ್ರನ್ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಅವರಿಗೆ ಸಮಾಧಾನವನ್ನೂ ಹೇಳಿದೆ. ನಿಜವಾದ ಅಳು ಬಂದದ್ದು ಲೋಕಲ್ಲಿನಲ್ಲಿ. ಆದರೆ ಕಾಂದಿವಲಿಗೂ ದಹಿಸರಕ್ಕೂ ನಡುವೆ ಇರುವುದು ಬೋರಿವಲಿ ಒಂದೇ. ಮನಸ್ಸು ತುಂಬ ಅಳುವುದಕ್ಕೆ ಆ ದೂರ ಸಾಲದು. ಹನ್ನೊಂದು ವರ್ಷ ಸಂಪಾದಿಸಿದ ಮರ್ಯಾದೆ ಒಂದು ಕೇಕಿನ ತುಂಡಿಗೆ ಮುಗಿಯಿತಲ್ಲ ಎಂದು ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಬಾಗಿಲು ತೆಗೆದ ನನ್ನವರು ಮುಖ ನೋಡಿ, ‘ಏನಾತು?’ ಎಂದರು. ಹೇಳಿದೆ. ‘ಹೋಗ್ಲಿ ಬಿಡು. ಕಾಲು ಬ್ಯಾನಿ ಅಂತಿದ್ದಿ, ಒಂದೀಟು ಕುಂಡ್ರು’ ಎಂದರು. ಒಳ್ಳೆಯ ಮಾತೇ. ಆದರೆ ಕುಳಿತ ಮೇಲೆ ಕಾಲು ಇನ್ನೂ ಜಾಸ್ತಿ ನೋಯುತ್ತಿದೆ.

ಆಮೇಲೆ ಎರಡು ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋಗಿ ಬಂದೆ. ಒಂದರಲ್ಲಿ, ಒತ್ತಡದಲ್ಲಿ ಒಬ್ಬರೇ ಕೆಲಸ ನಿಭಾಯಿಸಬಲ್ಲಿರಾ ಎಂದು ಕೇಳಿದರು. ಬಾಯಿಯವರೆಗೆ ಬಂದದ್ದನ್ನು ನುಂಗಿ, ‘ಒಬ್ಬಳೇ ಆಗುವುದಿಲ್ಲ, ಇಬ್ಬರು ಬೇಕು’ ಎಂದೆ. ಬುದ್ಧಿ ಕಲಿತಿದ್ದೇನೆ ಎಂದು ಸಂತೋಷವಾಯಿತು. ಅವರು ತಿಳಿಸುತ್ತೇವೆ ಎಂದರು, ಇನ್ನೂ ತಿಳಿಸಿಲ್ಲ.

ಕಳೆದ ವಾರ ಪ್ರತಿಭಾಳ ಫೋನು ಬಂತು. ದೀಪಾವಳಿಯ ರೋಸ್ಟರು ಈಗ ಅವಳ ತಲೆಗೆ ಬಿದ್ದಿದೆ. ನಾಲ್ಕೇ ಮಂದಿ, ಏನು ಮಾಡಿದರೂ ಕೂರುತ್ತಿಲ್ಲ. ‘ಸಿಸ್ಟರ್, ತುಮಚ್ಯಾಸಾರಖಂ ಕುಣಾಲಾಚ್ ಜಮತ್ ನಾಹೀ’ ಎಂದಳು. ನಿಮ್ಮ ಹಾಗೆ ಯಾರಿಗೂ ಆಗುವುದಿಲ್ಲ ಎಂದು. ಎದುರಿಗೆ ಕುಳಿತಿದ್ದ ನನ್ನವರು ಕೈ ಅಡ್ಡ ಆಡಿಸಿ, ‘ಬ್ಯಾಡ ಅನ್ನು. ಫೋನ್ ಇಡು’ ಎಂದು ಪಿಸುಗುಟ್ಟಿದರು. ಕಾಲೇಜಿಗೆ ಹೋಗುವ ಮಗಳು, ‘ಮಮ್ಮಿ, ನೀನು ಬ್ಲಾಕ್ ಕರ್ ದೇ ನಾ ಅವಳಿಗೆ, ಸಿಂಪಲ್’ ಎಂದಳು. ಆಗುವುದಿಲ್ಲ ಎಂದೇ ಹೇಳಬೇಕೆಂದಿದ್ದೆ. ಆದರೆ ನೋಡುತ್ತೇನೆ, ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಆಗಲೇ ಗೆರೆ ಎಳೆಯುತ್ತಿದ್ದೇನೆ. ಏಳು ದಿನ, ಮೂರು ಪಾಳಿ, ಇಪ್ಪತ್ತೊಂದು ಮನೆ. ಪಾಳಿಗೆ ಈಗ ಒಬ್ಬಳೇ.

ಅರ್ಧ ಗಂಟೆಯಲ್ಲಿ ಎಲ್ಲ ಕೂರಿಸಿ, ಫೋಟೋ ತೆಗೆದು ಕಳಿಸಿದೆ. ಎಷ್ಟೋ ದಿನದ ಮೇಲೆ ಮೈ ಹಗುರವಾಗಿತ್ತು. ಅಕ್ಷರವೂ ಮುತ್ತಿನಂತೆ ಬಂದಿತ್ತು. ಐದು ನಿಮಿಷಕ್ಕೆ ಉತ್ತರ ಬಂತು. ‘ಥ್ಯಾಂಕ್ಯೂ ಸಿಸ್ಟರ್. ಎಲ್ಲ ಸರಿಯಾಗಿದೆ. ಲಕ್ಷ್ಮೀಪೂಜೆಯ ಸಂಜೆಗೆ ಮಾತ್ರ ‘ಸು’ ಅಂತ ಇದೆ. ನಮ್ಮಲ್ಲಿ ‘ಸು’ ಯಾರೂ ಇಲ್ಲವಲ್ಲ?’

‘ಏನಂತಾಳ?’ ಎಂದು ನನ್ನವರು ಕೇಳಿದರು.

‘ಎಲ್ಲಾ ಸರಿ ಐತಂತ್ರೀ’ ಎಂದೆ, ರಬ್ಬರು ಹುಡುಕುತ್ತ. ಅಕ್ಷರ ಚೆಂದವಿದೆ ಎಂದು ಮಾತ್ರ ಅವಳು ಹೇಳಿರಲಿಲ್ಲ.