ಅಂಚಿಗೆ ನಿಂತ ಅಳಿಯ

ದೇವೀರಪ್ಪನವರ ಹಿರಿಯ ಅಳಿಯ ಈರಭದ್ರಪ್ಪ ಎರಡು ವರ್ಷ ಮಾವನ ಮನೆ ಹೊಸಿಲು ತುಳಿದಿರಲಿಲ್ಲ. ಅದಕ್ಕೆ ಕಾರಣ ಅಜ್ಜಂಪುರದ ಸ್ಟುಡಿಯೋ ತೀರ್ಥಪ್ಪ. ನಾದಿನಿಯ ಮದುವೆಯ ಗ್ರೂಪ್ ಫೋಟೋದಲ್ಲಿ ಮನೆಮಂದಿಯೆಲ್ಲ ಬಂದಿದ್ದರು. ಅಂಚಿಗೆ ನಿಂತಿದ್ದ ಈರಭದ್ರಪ್ಪನದು ಮಾತ್ರ ಒಂದು ಕಿವಿ, ಅರ್ಧ ಮೀಸೆ. ಅವತ್ತಿನಿಂದ ಊರವರ ಬಾಯಲ್ಲಿ ತೀರ್ಥಪ್ಪ ಕತ್ತರಿ ತೀರ್ಥಪ್ಪನಾದ. ಮದುವೆ ಇದ್ದವರು ತರೀಕೆರೆಯಿಂದ ಫೋಟೋದವರನ್ನು ಕರೆಸತೊಡಗಿದರು.

ಈಗ ಆ ನಾದಿನಿಯ ಮಗನ ನಾಮಕರಣಕ್ಕೆ ಅಳಿಯ ಚೌಳಹಿರಿಯೂರಿನಿಂದ ಬಂದಿದ್ದ, ಒಂದು ಷರತ್ತು ಹಾಕಿ. ಅದೇ ತೀರ್ಥಪ್ಪ, ಅದೇ ಅಂಗಳ, ಅದೇ ಅಂಚು. "ಈ ಸಲ ನಾನು ಪೂರ್ತಿ ಬರ್ಬೇಕು. ಇಲ್ಲಾಂದ್ರೆ ಇನ್ಮೇಲೆ ನಾನೂ ಇಲ್ಲ, ನಿಮ್ಮ ಮಗಳೂ ಇಲ್ಲ."

ಅಂಗಳ ಕಿರಿದು, ಜನ ನಲವತ್ತಮೂರು. ಮಾಮೂಲಿ ಲೆನ್ಸು ಸಾಲದು, ಅಗಲಕ್ಕೆ ಹಿಡಿಯುವ ಇಪ್ಪತ್ತೆಂಟರ ಲೆನ್ಸು ಬೇಕು. ಕ್ಯಾಮೆರಾ ಸಾಮಾನಿನ ವ್ಯಾಪಾರದ ಬೀರೂರಿನ ಮಹಬೂಬ್ ಸಾಬ್ ಬೆಳಗ್ಗೆಯೇ ಅಂಥವು ಎರಡನ್ನು ತಂದು ಸ್ಟುಡಿಯೋದ ಮೇಜಿನ ಮೇಲಿಟ್ಟರು. ಒಂದು ಹಳೆಯದು, ಲಕ್ಕವಳ್ಳಿ ಅಣೆಕಟ್ಟು ಕಟ್ಟುವಾಗ ಇದ್ದ ಎಂಜಿನಿಯರೊಬ್ಬರದು, ತಕ್ಕಡಿಯ ಬಟ್ಟಿನ ಹಾಗೆ ಭಾರ. ಇನ್ನೊಂದು ಅವರ ತಮ್ಮನ ಮಗ ಸೌದಿಯಿಂದ ತಂದ ಹೊಸ ಜಪಾನಿ ಮಾಲು.

"ಎರಡು ಗಂಟೆ ಗಾಡಿಗೆ ಹೋಗ್ತೀನಿ ತೀರ್ಥಪ್ಪ. ಒಂದು ಇಟ್ಕೋ, ಒಂದು ಕೊಡು. ಕೊಟ್ಟಿದ್ದು ಬೆಂಗ್ಳೂರಿಗೆ ಹೋಯ್ತದೆ, ಆಮೇಲೆ ಕೇಳ್ಬೇಡ."

ತೀರ್ಥಪ್ಪ ಬಾಗಿಲಲ್ಲಿ ನಿಂತು ಎರಡರಲ್ಲೂ ಬೀದಿಯನ್ನು ಹಿಡಿದು ಕತ್ತಲೆಕೋಣೆ ಹೊಕ್ಕ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಬೀದಿ ಮೆಲ್ಲಗೆ ಮೂಡಿತು. ಹಳೆಯ ಲೆನ್ಸಿನ ಬೀದಿ ನಡುವೆ ಸ್ಪಷ್ಟವಿತ್ತು. ಅಂಚಿಗೆ ಹೋದಂತೆ ಬೇವಿನ ಮರ, ಎತ್ತಿನಗಾಡಿ, ಸ್ಟೇಷನ್ ಕಡೆ ಹೊರಟ ಒಬ್ಬ ಮುದುಕ, ಎಲ್ಲವೂ ಮಾಗಿಯ ಮಂಜಿನೊಳಗೆ ಕರಗುತ್ತಿದ್ದವು. ತಾನು ಹುಟ್ಟಿ ಬೆಳೆದ ಬೀದಿ ಹೀಗೂ ಇದೆಯೇ ಎಂದು ತೀರ್ಥಪ್ಪ ನಿಂತಲ್ಲೇ ಮೈಮರೆತ. ಬೆಳಗಿನ ಜಾವದ ಕನಸನ್ನು ಯಾರೋ ತೊಳೆದು ಒಣಹಾಕಿದಂತಿತ್ತು.

ಹೊಸದರಲ್ಲಿ ಮಂಜೂ ಇಲ್ಲ, ಕನಸೂ ಇಲ್ಲ. ಮೂಲೆಯ ಸೈಕಲ್ ಶಾಪಿನ ಬೋರ್ಡಿನಲ್ಲಿ ಬಣ್ಣ ಎದ್ದ ಜಾಗವೂ ಕಾಣುತ್ತಿತ್ತು.

ಅಷ್ಟರಲ್ಲಿ ಕಲ್ಲೇಶಪ್ಪ ಬಂದ. ಅವನು ದೇವೀರಪ್ಪನವರ ಪಕ್ಕದ ಮನೆಯವನು. ಗಡಿ ತಕರಾರಿನಲ್ಲಿ ಆರು ವರ್ಷದಿಂದ ಎರಡು ಮನೆಗೂ ಮಾತಿಲ್ಲ.

"ಇದ್ರಲ್ಲಿ ಯೋಚ್ನೆ ಏನಪ್ಪಾ? ಅಳಿಯ ನಿಲ್ಲೋದು ಅಂಚಿಗೆ. ಹೋದ್ಸಲ ಅರ್ಧ ಬಂದ. ಈ ಸಲ ಹೊಗೆ ಥರ ಬಂದ್ರೆ ನೀನು ಊರಲ್ಲಿ ಇರ್ತೀಯಾ?"

"ಹಳೇದು ಕಣ್ಣಿಗೆ ತಂಪು ಕಣಣ್ಣ."

"ತಂಪು ಬೇಕಾದ್ರೆ ಹರಳೆಣ್ಣೆ ಹಚ್ಕೋ. ಹೊಸದು ತಗೋ."

ತೀರ್ಥಪ್ಪ ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಸಾಬರಿಗೆ ಕೊಟ್ಟ. ಎರಡು ಗಂಟೆಗೆ ಗಾಡಿ ಕೂಗಿದ್ದು ಅವನ ಎದೆಯೊಳಗೇ ಕೂಗಿದಂತಾಯಿತು.

ಮೂರು ಗಂಟೆಗೆ ಅಂಗಳ ನೆಲದ ಮೇಲೇ ಅನ್ನ ಬಡಿಸಬಹುದಾದಷ್ಟು ಚೊಕ್ಕಟವಾಗಿತ್ತು. ದೇವೀರಪ್ಪನವರ ಹೆಂಡತಿ ಸಾವಿತ್ರಮ್ಮ ಗಂಡನನ್ನು ಕೇಳದೆಯೇ ಮೂಲೆಯ ಹುಲ್ಲಿನ ಮೆದೆಯನ್ನೂ ಹಿತ್ತಲಿಗೆ ಹೊರಿಸಿದ್ದರು. ಆದರೂ ಹಿಂದಕ್ಕೆ ಸರಿಯಲು ತೀರ್ಥಪ್ಪನಿಗೆ ಎರಡು ಹೆಜ್ಜೆ ಸಾಲಲಿಲ್ಲ. ಆಗ ಕಲ್ಲೇಶಪ್ಪ ತಾನಾಗಿ ಬೇಲಿಯ ತಡಿಕೆ ಸರಿಸಿದ.

"ನಮ್ಮ ಜಗಲಿ ಮೇಲೆ ನಿಂತ್ಕೊ ಬಾ. ಒಳ್ಳೆ ಕೆಲಸಕ್ಕೆ ಎಂಥಾ ಹಗೆ?"

ಸಾವಿತ್ರಮ್ಮ ಮನಸ್ಸು ಕರಗಿ, ಆರು ವರ್ಷದಲ್ಲಿ ಮೊದಲ ಸಲ ಅವನ ಮನೆಗೆ ಹೋಳಿಗೆ ಕಳಿಸಿದರು.

ಈರಭದ್ರಪ್ಪ ಹಟ ಹಿಡಿದು ಅಂಚಿಗೇ ನಿಂತ. ಮೆದೆ ಇದ್ದ ಜಾಗದಲ್ಲಿ ಮೊಣಕಾಲೆತ್ತರದ ಕಲ್ಲೊಂದಿತ್ತು. ಅದರ ಮೇಲೆ ಒಂದು ಕಾಲಿಟ್ಟು, ಹುಲಿ ಹೊಡೆದ ದೊರೆಯ ಹಾಗೆ ಎದೆ ಸೆಟೆಸಿದ. ನಡುವೆ ಕೂತ ದೇವೀರಪ್ಪನವರ ಕಣ್ಣು ಕ್ಯಾಮೆರಾ ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಹೊತ್ತು ಇಳಿಯುವಾಗ ಮಾವ, ಅಳಿಯ ಇಬ್ಬರೂ ಕತ್ತಲೆಕೋಣೆಗೇ ಬಂದು ನಿಂತರು. ತಟ್ಟೆಯೊಳಗೆ ಮೊದಲು ಪೇಟಗಳು, ಆಮೇಲೆ ಮುಖಗಳು, ನಿದ್ದೆಯಿಂದ ಏಳುವವರಂತೆ ಒಬ್ಬೊಬ್ಬರಾಗಿ ನಲವತ್ತಮೂರು ಜನ ನೀರಿನಡಿಯಿಂದ ಎದ್ದು ಬಂದರು. ಈರಭದ್ರಪ್ಪನೂ ಬಂದ, ಮೀಸೆಯ ಎರಡು ತುದಿಯ ಸಮೇತ.

"ಬಂದೆ," ಅಂದ ಅಳಿಯ.

ಆಮೇಲೆ ಅವನ ಕಾಲಡಿಯ ಕಲ್ಲೂ ಬಂತು. ಕಲ್ಲಿನ ಮೇಲೆ ಬಾಣದ ಗುರುತು, ಅದರ ಕೆಳಗೆ ಸರ್ವೆ ನಂಬರು, ಓದಿಕೊಳ್ಳುವಷ್ಟು ಸ್ಪಷ್ಟ.

ದೇವೀರಪ್ಪನವರ ಮುಖ ಕೆಂಪು ಬೆಳಕಿನಲ್ಲೂ ಬಿಳಿಚಿತು. ಅದು ಎರಡು ಮನೆಯ ನಡುವಿನ ಬಾಂದುಕಲ್ಲು. ಅಂಥ ಕಲ್ಲೇ ಇಲ್ಲವೆಂದು ಅವರು ಆರು ವರ್ಷದಿಂದ ತರೀಕೆರೆ ಕಚೇರಿಯಲ್ಲಿ ಹೇಳುತ್ತ ಬಂದಿದ್ದರು. ಸರ್ವೆಯವರು ಬಂದಾಗಲೆಲ್ಲ ಅದರ ಮೇಲೆ ಹುಲ್ಲಿನ ಮೆದೆ ಇರುತ್ತಿತ್ತು. ಕಲ್ಲು ಸಿಕ್ಕರೆ ದನದ ಕೊಟ್ಟಿಗೆ ಕಲ್ಲೇಶಪ್ಪನ ಪಾಲು.

"ಆ ಅಂಚು ಕತ್ತರಿಸು," ಅಂದರು.

"ಅಂಚಲ್ಲಿ ನಿಮ್ಮಳಿಯ ಅವ್ರೆ ಯಜಮಾನ್ರೇ."

"ಕೆಳಗಿಂದ ಕತ್ತರಿಸು."

"ಮುಂದೆ ಕೂತ ಮಕ್ಕಳೆಲ್ಲ ಹೋಯ್ತವೆ, ನಾಮಕರಣದ ಕೂಸೂ ಸೇರಿ."

ಹಳೆಯ ಲೆನ್ಸಾಗಿದ್ದರೆ ಕಲ್ಲು ಮಂಜಿನಲ್ಲಿ ಕರಗಿ ಒಂದು ಕುರಿಮರಿಯ ಹಾಗೆ ಕಾಣುತ್ತಿತ್ತು. ಆ ಲೆನ್ಸು ಈಗ ಯಾವ ಊರು ದಾಟುತ್ತಿದೆಯೋ.

ದೇವೀರಪ್ಪನವರು ಅಳಿಯನನ್ನು ನೋಡಿದರು, ನೆಲ ನೋಡಿದರು. "ಅಳಿಯಂದಿರು ಇನ್ನೊಂದ್ಸಲ ತೆಗೆಸ್ಕೊಬಹುದು. ಕೊಟ್ಟಿಗೆ ಇನ್ನೊಂದ್ಸಲ ಕಟ್ಟೋಕಾಗಲ್ಲ. ಕತ್ತರಿಸು."

ತೀರ್ಥಪ್ಪ ಕತ್ತರಿಸಿದ. ಯಜಮಾನರು ನೆಗೆಟಿವನ್ನೂ ನಲವತ್ತೆರಡು ಜನರನ್ನೂ ಎತ್ತಿಕೊಂಡು ದಡದಡ ಹೊರಟುಹೋದರು.

ಈರಭದ್ರಪ್ಪ ಮೇಜಿನ ಮೇಲೆ ಉಳಿದಿದ್ದ ಒದ್ದೆ ತುಂಡನ್ನು ಎತ್ತಿ ದೀಪಕ್ಕೆ ಹಿಡಿದ. "ಪರವಾಗಿಲ್ಲ ಕಣಯ್ಯ. ಈ ಸಲ ಪೂರ್ತಿ ಇದೀನಿ," ಅಂದು ಅದನ್ನು ಹಿಡಿದೇ ಹೊರಗೆ ನಡೆದ.

ಹೊರಗಿನ ಬೆಂಚಿನ ಮೇಲೆ ಕಲ್ಲೇಶಪ್ಪ ಕೂತಿದ್ದ.

"ಬನ್ನಿ ಅಳಿಯಂದ್ರೇ, ನಮ್ಮನೇಲಿ ಕಾಫಿ ಕುಡಿಯೋಣ. ಅದನ್ನ ಜೋಪಾನ ಹಿಡ್ಕೊಳ್ಳಿ, ಇನ್ನೂ ಹಸಿ, ನಂಬರು ಅಳಿಸೀತು." ಆಮೇಲೆ ಒಳಗೆ ತಲೆ ಹಾಕಿದ. "ತೀರ್ಥಪ್ಪ, ಸೋಮವಾರ ತರೀಕೆರೆ ಬಸ್ಸಿಗೆ ಬಂದ್ಬಿಡು, ಸಾಕ್ಷಿ ನೀನೇ. ಬರೀ ತೀರ್ಥಪ್ಪ ಅಂದ್ರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ. ಕತ್ತರಿ ತೀರ್ಥಪ್ಪ ಅಂತಲೇ ಬರೆಸ್ತೀನಿ."